ಟಿಬೆಟನ್ನರ ಒಡವೆ ಮತ್ತು ವಲಸೆಯ ಶಾಲೆ: ಒಂದು ಚಾರಿತ್ರಿಕ ಅವಲೋಕನ

ಭೌತಿಕ ಸಂಸ್ಕೃತಿಯ ಅಧ್ಯಯನದಲ್ಲಿ ಒಡವೆಗೆ ವಿಶಿಷ್ಟವಾದ ಸ್ಥಾನವಿದೆ. ಮನೆ, ನೇಗಿಲು, ಒರಳು, ಬೀಸುಕಲ್ಲುಗಳಂತೆ ಅದು ಒಂದೆಡೆ ನೆಲೆನಿಲ್ಲುವ ವಸ್ತುವಲ್ಲ. ಮೈಮೇಲೆ ಏರಿ ಮನುಷ್ಯನೊಡನೆ ನಡೆಯುವ, ಊರು ಬಿಡಬೇಕಾಗಿ ಬಂದಾಗ ಮೊದಲು ಜೊತೆಗೆ ಬರುವ, ಹಸಿವು ಬಂದಾಗ ಮೊದಲು ಕೈಬಿಟ್ಟುಹೋಗುವ ವಸ್ತು ಅದು. ಈ ಕಾರಣದಿಂದಲೇ ನೆಲೆ ಕಳೆದುಕೊಂಡ ಜನಸಮುದಾಯಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಒಡವೆಯು ದಾಖಲೆಪತ್ರಗಳಿಗಿಂತ ಕಡಿಮೆಯಲ್ಲದ ಆಕರವಾಗುತ್ತದೆ. ಟಿಬೆಟನ್ ಕೈಯೊಡವೆಗಳನ್ನು ಮಾರಿ, ಬಂದ ಆದಾಯವನ್ನು ಹಳ್ಳಿಗಾಡಿನ ಮಕ್ಕಳ ಶಿಕ್ಷಣಕ್ಕೆ ವಿನಿಯೋಗಿಸುವ ಪದ್ಧತಿಯೊಂದು ಕಳೆದ ಕೆಲವು ದಶಕಗಳಿಂದ ಭಾರತ, ನೇಪಾಳ, ಯೂರೋಪು ಮತ್ತು ಅಮೆರಿಕಗಳಲ್ಲಿ ಕಂಡುಬರುತ್ತಿದೆ. ಇದನ್ನು ಕೇವಲ ಸೇವಾಕಾರ್ಯವೆಂದು ಮೆಚ್ಚಿ ಮುಂದೆ ಸಾಗುವುದು ಸುಲಭ. ಆದರೆ ಈ ಪದ್ಧತಿಯ ಹಿಂದೆ ಎರಡು ಬೇರೆ ಬೇರೆ ಕ್ರಿಯೆಗಳಿವೆ: ತೊಟ್ಟ ಒಡವೆಯನ್ನು ಕಳಚಿ ಮಾರುವುದು ಒಂದು, ಮಾರಲೆಂದೇ ಒಡವೆಯನ್ನು ಮಾಡುವುದು ಮತ್ತೊಂದು. ಮೊದಲನೆಯದು ನಷ್ಟ, ಎರಡನೆಯದು ಗಳಿಕೆ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಇವೆರಡೂ ಅಕ್ಕಪಕ್ಕದಲ್ಲಿ ಕುಳಿತು ಒಂದೇ ಹೆಸರಿನಿಂದ ಕರೆಸಿಕೊಳ್ಳುತ್ತವೆ. ಅವುಗಳನ್ನು ಬೇರ್ಪಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

1959ಕ್ಕೆ ಮುಂಚಿನ ಟಿಬೆಟ್ಟಿನಲ್ಲಿ ಒಡವೆಯ ಸ್ಥಾನವೇನಾಗಿತ್ತು ಎಂಬುದನ್ನು ಮೊದಲು ಗಮನಿಸಬೇಕು. ಅಲ್ಲಿನ ಒಡವೆಯ ಜೀವ ಚಿನ್ನದಲ್ಲಿಲ್ಲ, ಕಲ್ಲಿನಲ್ಲಿದೆ. ನಮ್ಮ ವ್ಯಾಪಾರಿಗಳು ಫಿರೋಜಾ ಎಂದು ಕರೆಯುವ ನೀಲಿಹಸಿರು ಕಲ್ಲು, ಹವಳ, ಅಂಬರ್ ಎಂಬ ಹಳದಿ ರಾಳಮಣಿ, ಮತ್ತು ಝೀ ಎಂಬ ಪಟ್ಟೆಗಳುಳ್ಳ ಅಗೇಟ್ ಮಣಿ, ಈ ನಾಲ್ಕು ಟಿಬೆಟನ್ ಒಡವೆಯ ಮುಖ್ಯ ದ್ರವ್ಯಗಳು. ಇವುಗಳಲ್ಲಿ ಹೆಚ್ಚಿನವು ಟಿಬೆಟ್ಟಿನ ನೆಲದಲ್ಲಿ ಹುಟ್ಟಿದವಲ್ಲ. ಕಡಲನ್ನೇ ಕಾಣದ ಜನ ಹವಳವನ್ನು ಇಷ್ಟು ಪ್ರೀತಿಸಿದ್ದು ವಿಸ್ಮಯದ ಸಂಗತಿ. ಟಿಬೆಟ್ಟಿನಲ್ಲಿ ಹವಳಕ್ಕಿದ್ದ ಬೇಡಿಕೆಯನ್ನೂ, ಹೆಂಗಸರ ಕೊರಳಿಗೂ ದೇವಪ್ರತಿಮೆಗಳ ಕೊರಳಿಗೂ ಅದನ್ನು ತೊಡಿಸುತ್ತಿದ್ದುದನ್ನೂ ಮಾರ್ಕೊ ಪೋಲೋ 13ನೆಯ ಶತಮಾನದಲ್ಲಿಯೇ ದಾಖಲಿಸಿದ್ದಾನೆ. ಮೆಡಿಟರೇನಿಯನ್ ಸಮುದ್ರದ ಹವಳವು ಇಟಲಿಯ ಲಿವೋರ್ನೊ ಬಂದರಿನ ವರ್ತಕರ ಕೈಯಿಂದ ಗೋವೆಗೆ ಬರುತ್ತಿತ್ತು. ಅದಕ್ಕೆ ಬದಲಾಗಿ ಭಾರತದ ವಜ್ರಗಳು ಪಶ್ಚಿಮಕ್ಕೆ ಹೋಗುತ್ತಿದ್ದವು. ಭಾರತದ ಬಂದರುಗಳಿಗೆ ಇಳಿದ ಹವಳದ ಒಂದು ಪಾಲು ಗಂಗೆಯ ಬಯಲನ್ನು ದಾಟಿ, ನೇಪಾಳದ ಕಣಿವೆಗಳ ಮೂಲಕ ಹಿಮಾಲಯದ ಆಚೆಗೆ ಏರುತ್ತಿತ್ತು. ಅಂಬರ್ ಬಾಲ್ಟಿಕ್ ಕರಾವಳಿಯಿಂದಲೂ ಬರ್ಮಾದಿಂದಲೂ ಬಂದರೆ, ಉತ್ತಮ ಫಿರೋಜಾ ಕಲ್ಲು ಪರ್ಷಿಯಾದ ನಿಶಾಪುರದಿಂದ ಬರುತ್ತಿತ್ತು. ಹೀಗೆ ಅಪ್ಪಟ ಟಿಬೆಟನ್ ಎನಿಸಿಕೊಳ್ಳುವ ಒಂದು ಕೊರಳಸರವು ವಾಸ್ತವವಾಗಿ ಅರ್ಧ ಪ್ರಪಂಚದ ವ್ಯಾಪಾರದ ಇತಿಹಾಸವನ್ನು ದಾರದಲ್ಲಿ ಪೋಣಿಸಿಕೊಂಡಿರುತ್ತದೆ.

ಎದುರು ದಿಕ್ಕಿನಲ್ಲಿ ಇಳಿದುಬಂದ ಒಂದು ಪದಾರ್ಥವನ್ನೂ ಇಲ್ಲಿ ನೆನೆಯಬೇಕು. ಚಿನ್ನ ಬೆಳ್ಳಿಗಳನ್ನು ಬೆಸೆಯುವಾಗ ನಮ್ಮ ಅಕ್ಕಸಾಲಿಗಳು ಬಳಸುವ ಬಿಳಿಗಾರವು 19ನೆಯ ಶತಮಾನದವರೆಗೂ ಭಾರತಕ್ಕೆ ಮುಖ್ಯವಾಗಿ ಟಿಬೆಟ್ಟಿನ ಉಪ್ಪುಸರೋವರಗಳ ದಂಡೆಯಿಂದ, ಕುರಿಮೇಕೆಗಳ ಬೆನ್ನಮೇಲಿನ ಚೀಲಗಳಲ್ಲಿ ಬರುತ್ತಿತ್ತು. ಸಂಸ್ಕೃತದ ಟಂಕಣ ಎಂಬ ಹೆಸರು ಇದರದೇ. ಕಲ್ಲುಗಳು ದಕ್ಷಿಣದಿಂದ ಮೇಲಕ್ಕೆ ಹೋದವು, ಬೆಸುಗೆಯ ಕ್ಷಾರ ಮೇಲಿನಿಂದ ದಕ್ಷಿಣಕ್ಕೆ ಬಂತು. ಟಿಬೆಟನ್ನರಿಗೂ ನಮ್ಮ ಭಾಗದ ಅಕ್ಕಸಾಲಿಕೆಗೂ ಇರುವ ಸಂಬಂಧ 1960ರಲ್ಲಿ ಆರಂಭವಾದುದಲ್ಲ ಎಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

ಈ ಕಲ್ಲುಗಳ ಸುತ್ತ ಬೆಳೆದ ನಂಬಿಕೆಗಳು ಜಾನಪದ ವಿದ್ವಾಂಸರಿಗೆ ಅಮೂಲ್ಯವಾದವು. ಮನುಷ್ಯನ ದೇಹಕ್ಕೆ ಅಂಟಿಕೊಂಡೂ ದೇಹದಿಂದ ಹೊರಗೆ ಅಲೆಯಬಲ್ಲ 'ಲಾ' ಎಂಬ ಜೀವಶಕ್ತಿಯನ್ನು ಟಿಬೆಟನ್ನರು ನಂಬುತ್ತಾರೆ. ಆ ಶಕ್ತಿ ನೆಲೆಸುವ ಕಲ್ಲೆಂದು ಫಿರೋಜಾವನ್ನು ಕೊರಳಲ್ಲಿ ಧರಿಸುತ್ತಾರೆ. ಧರಿಸಿದವರ ಆರೋಗ್ಯ ಕೆಟ್ಟರೆ ಕಲ್ಲಿನ ಬಣ್ಣವೂ ಮಾಸುತ್ತದೆ ಎಂಬುದು ವ್ಯಾಪಕವಾದ ತಿಳಿವಳಿಕೆ. ಮೈಯ ಬೆವರು ಮತ್ತು ಜಿಡ್ಡು ತಗುಲಿ ಈ ಕಲ್ಲು ಬಣ್ಣ ಬದಲಿಸುವುದು ಭೌತಿಕ ಸತ್ಯವೂ ಹೌದು; ನಂಬಿಕೆಯು ಇಲ್ಲಿ ಅನುಭವದ ಮೇಲೆಯೇ ಕಟ್ಟಿಕೊಂಡಿದೆ. ಮದುವೆಯಲ್ಲಿ ಗಂಡಿನ ಕಡೆಯವರು ವಧುವಿನ ಬೆನ್ನಿಗೆ ಬಣ್ಣದ ಪಟ್ಟಿಗಳಿಂದ ಅಲಂಕರಿಸಿದ ಬಾಣವನ್ನು ಸಿಕ್ಕಿಸಿ, ತಲೆಯ ಮೇಲೆ ಫಿರೋಜಾ ಕಲ್ಲನ್ನು ಇಡುವ ಆಚರಣೆಯಿದೆ. ಕಿವಿಯಲ್ಲಿ ಒಂದು ಕಲ್ಲೂ ಇಲ್ಲದೆ ಸತ್ತವನು ಮುಂದಿನ ಜನ್ಮದಲ್ಲಿ ಕತ್ತೆಯಾಗುತ್ತಾನೆ ಎಂಬ ಹೇಳಿಕೆಯಂತೂ ಗಂಡಸರೂ ಓಲೆ ತೊಡುತ್ತಿದ್ದುದಕ್ಕೆ ಜನಪದರು ಕೊಟ್ಟುಕೊಂಡ ಕಾರಣ.

ಝೀ ಮಣಿಯ ಕಥೆ ಇನ್ನೂ ಸೊಗಸಾದುದು. ಅಗೇಟ್ ಕಲ್ಲಿನ ಮೇಲೆ ಕ್ಷಾರದಿಂದ ಗೆರೆ, ವೃತ್ತಗಳನ್ನು ಬರೆದು ಸುಟ್ಟು ಬಣ್ಣ ಹಿಡಿಸುವ ಪ್ರಾಚೀನ ತಂತ್ರದ ಫಲ ಈ ಮಣಿ ಎಂದು ಪುರಾತತ್ತ್ವಜ್ಞರು ಹೇಳುತ್ತಾರೆ. ಇದಕ್ಕೆ ಹತ್ತಿರದ ತಂತ್ರವು ಸಿಂಧೂ ಕಣಿವೆಯ ಕೆಂಪುಮಣಿಗಳಲ್ಲಿ ಕಂಡುಬಂದಿದೆ. ಆದರೆ ಟಿಬೆಟನ್ನರ ಪ್ರಕಾರ ಝೀ ಮನುಷ್ಯನಿರ್ಮಿತವೇ ಅಲ್ಲ. ಆಸ್ಟ್ರಿಯದ ವಿದ್ವಾಂಸ ರೆನೆ ದ ನೆಬೆಸ್ಕಿ ವೊಯ್ಕೊವಿಟ್ಸ್ 1952ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಈ ಕುರಿತ ಕಥನಗಳನ್ನು ಸಂಗ್ರಹಿಸಿದ್ದಾರೆ. ಝೀ ದೇವತೆಗಳ ಒಡವೆ, ಕೊಂಚ ಮುಕ್ಕಾದದ್ದನ್ನು ಅವರು ಕೆಳಗೆ ಎಸೆಯುತ್ತಾರೆ, ಆದ್ದರಿಂದಲೇ ಮನುಷ್ಯರಿಗೆ ಪೂರ್ಣವಾದ ಮಣಿ ಸಿಗುವುದಿಲ್ಲ ಎಂಬುದು ಒಂದು ಕಥೆ. ಝೀ ಜೀವವಿದ್ದ ಹುಳು, ಮನುಷ್ಯನ ಕೈ ಸೋಕಿದೊಡನೆ ಕಲ್ಲಾಯಿತು ಎಂಬುದು ಮತ್ತೊಂದು. ಹೊಲ ಉಳುವಾಗ, ದನ ಕಾಯುವಾಗ ಮಣ್ಣಿನಲ್ಲಿ ಇಂತಹ ಮಣಿಗಳು ಸಿಗುತ್ತಿದ್ದುದು ಈ ಕಥನಗಳಿಗೆ ಆಧಾರವಾಗಿರಬೇಕು. ಮಣಿಯ ಮೇಲಿನ ವೃತ್ತಗಳನ್ನು ಕಣ್ಣುಗಳೆಂದು ಎಣಿಸುತ್ತಾರೆ; ಒಂಬತ್ತು ಕಣ್ಣಿನ ಝೀ ಅತ್ಯಂತ ಶ್ರೇಷ್ಠವಾದುದು.

ಒಡವೆಯು ಅಂತಸ್ತನ್ನು ಸಾರುವ ಗುರುತೂ ಆಗಿತ್ತು. ಲ್ಹಾಸಾದ ಸಿರಿವಂತ ಹೆಂಗಸರು ಹವಳ ಮುತ್ತುಗಳನ್ನು ಹೊಲಿದ ಮುಮ್ಮೂಲೆಯ ಶಿರೋಭೂಷಣವನ್ನು ಧರಿಸಿದರೆ, ಪಶ್ಚಿಮದ ತ್ಸಾಂಗ್ ಪ್ರಾಂತದವರದು ಬಿಲ್ಲಿನಂತೆ ಬಾಗಿದ ಕಟ್ಟು. ಗೃಹಸ್ಥ ಅಧಿಕಾರಿಗಳು ಎಡಗಿವಿಗೆ ಉದ್ದನೆಯ ಜೋಲನ್ನೂ ಬಲಗಿವಿಗೆ ಒಂಟಿ ಕಲ್ಲನ್ನೂ ತೊಡಬೇಕಾಗಿತ್ತು. ಮೇಲಿನ ದರ್ಜೆಯವರ ತುರುಬಿನಲ್ಲಿ ಚಿಕ್ಕದೊಂದು ಚಿನ್ನದ ಸಂಪುಟವಿರುತ್ತಿತ್ತು. ಈ ಸಂಪುಟಕ್ಕೆ 'ಗಾವು' ಎಂದು ಹೆಸರು. ಮಂತ್ರಲಿಖಿತ ಕಾಗದ, ಪವಿತ್ರ ಮೃತ್ತಿಕೆ, ಗುರುವಿನ ಉಡುಪಿನ ಚೂರು ಮುಂತಾದುವನ್ನು ಒಳಗಿಟ್ಟು ಮುಚ್ಚುವ ಈ ಬೆಳ್ಳಿಯ ಪೆಟ್ಟಿಗೆಯು ಎಲ್ಲ ವರ್ಗದವರ ಮೈಮೇಲೂ ಒಂದಲ್ಲ ಒಂದು ಗಾತ್ರದಲ್ಲಿ ಇರುತ್ತಿತ್ತು. ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಕಟ್ಟುವ ನಮ್ಮ ಬೆಳ್ಳಿಯ ಕರಡಿಗೆಯನ್ನು ಕಂಡವರಿಗೆ ಗಾವು ಅಪರಿಚಿತವೆನಿಸದು. ಎರಡಕ್ಕೂ ಐತಿಹಾಸಿಕ ಸಂಬಂಧವನ್ನು ಕಲ್ಪಿಸುವ ಅಗತ್ಯವಿಲ್ಲ. ಪವಿತ್ರವಾದುದನ್ನು ಮೈಮೇಲೆ ಹೊತ್ತು ನಡೆಯಬೇಕೆನ್ನುವ ಜನರು ಬೆಳ್ಳಿಯಲ್ಲಿ ಕಂಡುಕೊಂಡ ಉತ್ತರಗಳು ಒಂದನ್ನೊಂದು ಹೋಲುವುದು ಸಹಜ.

ಈ ಒಡವೆಗಳನ್ನು ಮಾಡುತ್ತಿದ್ದವರು ಯಾರು ಎಂಬ ಪ್ರಶ್ನೆ ಮುಂದಿನ ಚರ್ಚೆಗೆ ಮುಖ್ಯವಾದುದು. ಲ್ಹಾಸಾದಲ್ಲಿ ಪೋಟಾಲದ ಕೆಳಗಿನ ಶೋಲ್ ಬಡಾವಣೆಯಲ್ಲಿ ಸರ್ಕಾರದ ಕಮ್ಮಟವಿತ್ತು. ಪೂರ್ವದ ಖಾಮ್ ಸೀಮೆಯ ಡೆರ್ಗೆಯ ಲೋಹಕಾರರ ಕುಸುರಿಗೆ ದೊಡ್ಡ ಹೆಸರಿತ್ತು. ಆದರೆ ಲ್ಹಾಸಾದ ನಯವಾದ ಚಿನ್ನಬೆಳ್ಳಿ ಕೆಲಸದ ಬಹುಪಾಲು ಕಠ್ಮಂಡು ಕಣಿವೆಯಿಂದ ಬಂದು ನೆಲೆಸಿದ್ದ ನೇವಾರ ಅಕ್ಕಸಾಲಿಗಳದಾಗಿತ್ತು. ಬೆಳ್ಳಿಗಾಗಿ ನಾಣ್ಯಗಳನ್ನೇ ಕರಗಿಸುತ್ತಿದ್ದರು. ಬ್ರಿಟಿಷ್ ಭಾರತದ ರೂಪಾಯಿ ಟಿಬೆಟ್ಟಿನಲ್ಲಿ ಎಷ್ಟು ಹರಡಿತ್ತೆಂದರೆ ಅದನ್ನು ತಡೆಯಲು 20ನೆಯ ಶತಮಾನದ ಆರಂಭದಲ್ಲಿ ಚೀನಾದ ಸಿಚುವಾನ್ ಆಡಳಿತ ಅದೇ ಮಾದರಿಯ ಬೇರೊಂದು ರೂಪಾಯಿಯನ್ನು ಟಂಕಿಸಬೇಕಾಯಿತು. ಟಿಬೆಟನ್ ಸಮಾಜದಲ್ಲಿ ಕಮ್ಮಾರಿಕೆಗೆ ಕೀಳು ಸ್ಥಾನವಿತ್ತು. ಬೌದ್ಧಧರ್ಮದ ನೆಲದಲ್ಲಿ ಇಂತಹ ಭೇದವಿರಲಿಲ್ಲವೆಂದು ಭಾವುಕರು ಹೇಳುವುದುಂಟು, ಅದು ನಿಜವಲ್ಲ. ಕಬ್ಬಿಣದ ಕೆಲಸದವರೊಡನೆ ಒಂದೇ ಬಟ್ಟಲಲ್ಲಿ ಕುಡಿಯದ, ಅವರ ಮನೆಯಿಂದ ಹೆಣ್ಣು ತಾರದ ಪದ್ಧತಿ ಅಲ್ಲಿತ್ತು. ಚಿನ್ನಬೆಳ್ಳಿಯವರ ಸ್ಥಿತಿ ಅದಕ್ಕಿಂತ ಮೇಲಿದ್ದರೂ ಲೋಹದ ಕೆಲಸದ ಮೇಲಿನ ಈ ಕರಿನೆರಳು ಪೂರ್ತಿ ಹೋಗಿರಲಿಲ್ಲ.

ಒಡವೆಯನ್ನು ಕಳಚಿ ಕೊಡುವುದು ಟಿಬೆಟನ್ನರಿಗೆ ಹೊಸತೇನಲ್ಲ. ಗುಡಿಯ ಪ್ರತಿಮೆಗಳ ಕಿರೀಟಗಳಲ್ಲಿರುವ ಫಿರೋಜಾ, ಹವಳ, ಝೀಗಳಲ್ಲಿ ಹೆಚ್ಚಿನವು ಭಕ್ತರು, ಅದರಲ್ಲಿಯೂ ಹೆಂಗಸರು, ಹರಕೆಯಾಗಿ ಒಪ್ಪಿಸಿದವು. ಇದರ ದೊಡ್ಡ ಸಾರ್ವಜನಿಕ ರೂಪವನ್ನು 1957ರಲ್ಲಿ ಕಾಣುತ್ತೇವೆ. ಆಂಡ್ರುಗ್‌ತ್ಸಾಂಗ್ ಗೊಂಪೋ ತಾಶಿ ಎಂಬ ಖಾಮ್ ಸೀಮೆಯ ವರ್ತಕನ ಮುಂದಾಳುತನದಲ್ಲಿ ದೇಶದ ಮೂಲೆಮೂಲೆಗಳಿಂದ ಚಿನ್ನವನ್ನೂ ರತ್ನಗಳನ್ನೂ ಸಂಗ್ರಹಿಸಿ ದಲಾಯಿ ಲಾಮಾ ಅವರಿಗೆ ಸ್ವರ್ಣಪೀಠವನ್ನು ಮಾಡಿಸಲಾಯಿತು. ಆ ವರ್ಷದ ಜುಲೈನಲ್ಲಿ ಅದನ್ನು ನೋರ್ಬುಲಿಂಗ್ಕಾದಲ್ಲಿ ಸಮರ್ಪಿಸಲಾಯಿತು. ಹೊರಗೆ ಧಾರ್ಮಿಕವಾಗಿದ್ದ ಈ ಸಂಗ್ರಹಕಾರ್ಯದ ಒಳಗೆ ಪ್ರತಿರೋಧದ ಸಂಘಟನೆಯೂ ನಡೆದಿತ್ತೆಂಬುದನ್ನು ಇತಿಹಾಸಕಾರರು ಗುರುತಿಸಿದ್ದಾರೆ. ತನ್ನ ಮೈಯ ಒಡವೆ ಸಮುದಾಯದ ಕಾರ್ಯಕ್ಕೆ ಸಲ್ಲುವುದು ಎಂಬ ಭಾವನೆ ಹೀಗೆ ವಲಸೆಗೆ ಮುಂಚೆಯೇ ಗಟ್ಟಿಯಾಗಿತ್ತು.

ಹಳೆಯ ಟಿಬೆಟ್ಟಿನಲ್ಲಿ ಓದುಬರಹದ ಪ್ರಧಾನ ನೆಲೆ ವಿಹಾರವೇ ಆಗಿತ್ತು ಎಂಬುದನ್ನು ಇದರೊಡನೆ ಸೇರಿಸಿ ನೋಡಬೇಕು. ಲ್ಹಾಸಾದಲ್ಲಿ ಅಧಿಕಾರಿಗಳ ಮಕ್ಕಳಿಗೆ ಕೆಲವು ಖಾಸಗಿ ಪಾಠಶಾಲೆಗಳಿದ್ದವು, ಅಷ್ಟೆ. 1923ರಲ್ಲಿ ಗ್ಯಾಂತ್ಸೆಯಲ್ಲಿ ಫ್ರಾಂಕ್ ಲುಡ್ಲೊ ನಡೆಸಿದ ಇಂಗ್ಲಿಷ್ ಶಾಲೆ 1926ರಲ್ಲಿ ಮುಚ್ಚಿತು. 1944ರಲ್ಲಿ ಲ್ಹಾಸಾದಲ್ಲಿ ತೆರೆದ ಶಾಲೆ ವಿಹಾರಗಳ ವಿರೋಧದಿಂದ ಕೆಲವೇ ತಿಂಗಳಲ್ಲಿ ನಿಂತುಹೋಯಿತು. ಆದ್ದರಿಂದ ಹಳ್ಳಿಯ ತಾಯಿಯೊಬ್ಬಳು ವಿಹಾರಕ್ಕೆ ಕಲ್ಲೊಂದನ್ನು ಒಪ್ಪಿಸಿದಾಗ, ಅಲ್ಲಿ ಸನ್ಯಾಸಿಯಾಗಿ ಓದುತ್ತಿರುವ ತನ್ನ ಮಗನ ವಿದ್ಯೆಗೂ ಅದು ಸಂದಿತೆಂದು ಹೇಳಬಹುದು. ಒಡವೆ ಮತ್ತು ಅಕ್ಷರಗಳ ನಡುವಿನ ದಾರಿ ಆಗಲೇ ಇತ್ತು, ನಡುವೆ ದೇವರಿದ್ದ. ವಲಸೆಯಲ್ಲಿ ದೇವರ ಜಾಗಕ್ಕೆ ಗಿರಾಕಿ ಬಂದ.

1959ರ ಮಾರ್ಚಿನ ಲ್ಹಾಸಾ ದಂಗೆಯ ನಂತರ ದಲಾಯಿ ಲಾಮಾ ಅವರನ್ನು ಹಿಂಬಾಲಿಸಿ ಸುಮಾರು 80,000 ಜನ ಹಿಮಾಲಯವನ್ನು ದಾಟಿದರು. ಕಾಲ್ನಡಿಗೆಯಲ್ಲಿ ಬಂದವರು ತರಬಹುದಾಗಿದ್ದ ಆಸ್ತಿಯೆಂದರೆ ಮೈಮೇಲಿನದು ಮಾತ್ರ. ಗಾವುಗಳು, ಕಿವಿಯ ಜೋಲುಗಳು, ಕೊರಳ ಹವಳಗಳು ಕಾಲಿಂಪಾಂಗ್, ಡಾರ್ಜಿಲಿಂಗ್, ಗ್ಯಾಂಗ್‌ಟಾಕ್, ಕಠ್ಮಂಡುಗಳ ಪೇಟೆಗಳಲ್ಲಿ ಅಕ್ಕಿ ಹಿಟ್ಟಿಗಾಗಿ, ಔಷಧಿಗಾಗಿ ಮಾರಾಟವಾದವು. ಒಮ್ಮೆಗೇ ಎಲ್ಲರೂ ಮಾರತೊಡಗಿದಾಗ ಬೆಲೆ ಕುಸಿಯುವುದು ಪೇಟೆಯ ನಿಯಮ. ತೂಕಕ್ಕೆ ಬೆಳ್ಳಿಯನ್ನು ಕೊಂಡ ಸೇಟುಗಳಿಗೆ ಕಲ್ಲಿನೊಳಗಿದ್ದ 'ಲಾ' ಬೇಕಿರಲಿಲ್ಲ. ವಸ್ತುಸಂಗ್ರಹಾಲಯಗಳಲ್ಲಿಯೂ ಪಾಶ್ಚಾತ್ಯ ಸಂಗ್ರಾಹಕರಲ್ಲಿಯೂ ಇಂದು ಕಾಣುವ ಹಳೆಯ ಟಿಬೆಟನ್ ಒಡವೆಗಳಲ್ಲಿ ಗಣನೀಯ ಭಾಗ ಹೀಗೆ ಕೈಬಿಟ್ಟವು. ಸರ್ಕಾರದ ಭಂಡಾರದ ಗತಿಯೂ ಇದೇ ಆಯಿತು. 1950ರಲ್ಲಿಯೇ ಸಿಕ್ಕಿಮಿಗೆ ಸಾಗಿಸಿಟ್ಟಿದ್ದ ಚಿನ್ನಬೆಳ್ಳಿಯನ್ನು ಕಲ್ಕತ್ತೆಯಲ್ಲಿ ಮಾರಿ, ಹಣವನ್ನು ಕಬ್ಬಿಣದ ಕೊಳವೆ ತಯಾರಿಕೆಯೂ ಸೇರಿದಂತೆ ಹಲವು ಉದ್ಯಮಗಳಲ್ಲಿ ತೊಡಗಿಸಲಾಯಿತು. ಅವುಗಳಲ್ಲಿ ಹೆಚ್ಚಿನವು ನಷ್ಟಕ್ಕೀಡಾದವು. ಉಳಿದ ಅಲ್ಪಭಾಗವನ್ನು 1964ರಲ್ಲಿ ಧರ್ಮಾರ್ಥ ನಿಧಿಯಾಗಿ ಮಾರ್ಪಡಿಸಲಾಯಿತು. ಅನುಭವವಿಲ್ಲದವರ ಕೈಗೆ ಸಿಕ್ಕ ಸಂಪತ್ತು ಕರಗಿದ ರೀತಿಯನ್ನು ದಲಾಯಿ ಲಾಮಾ ಅವರೇ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ.

ಒಡವೆ ಮಾರಿ ಉಂಡ ಈ ಜನ ಶಾಲೆಯನ್ನು ಕಟ್ಟಿದ್ದು ಬೇರೆಯ ಹಣದಿಂದ. 1960ರ ಮಾರ್ಚಿನಲ್ಲಿ ಮಸ್ಸೂರಿಯಲ್ಲಿ 50 ತರುಣರೊಡನೆ ಮೊದಲ ಟಿಬೆಟನ್ ಶಾಲೆ ತೆರೆಯಿತು. ಅದೇ ವರ್ಷದ ಮೇ 17ರಂದು, ಜಮ್ಮುವಿನ ರಸ್ತೆ ಕಾಮಗಾರಿಯ ಶಿಬಿರಗಳಿಂದ ಬಂದ 51 ಮಕ್ಕಳನ್ನು ಧರ್ಮಶಾಲೆಯಲ್ಲಿ ದಲಾಯಿ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ತಾಕ್ಲಾ ಅವರ ವಶಕ್ಕೆ ಕೊಡಲಾಯಿತು. ಮುಂದೆ ಟಿಬೆಟನ್ ಮಕ್ಕಳ ಗ್ರಾಮ ಎಂದು ಹೆಸರಾದ ಸಂಸ್ಥೆಯ ಮೂಲ ಇದು. 1964ರಲ್ಲಿ ಅವರು ತೀರಿಕೊಂಡ ನಂತರ ತಂಗಿ ಜೆತ್ಸುನ್ ಪೆಮಾ 2006ರವರೆಗೆ ಅದನ್ನು ನಡೆಸಿದರು. 1961ರಲ್ಲಿ ಭಾರತ ಸರ್ಕಾರವು ಟಿಬೆಟನ್ ಮಕ್ಕಳ ಶಾಲೆಗಳಿಗಾಗಿ ಸ್ವಾಯತ್ತ ಆಡಳಿತವೊಂದನ್ನು ಸ್ಥಾಪಿಸಿತು. ಮಕ್ಕಳ ಗ್ರಾಮದಂತಹ ಸಂಸ್ಥೆಗಳು ಬಹುಮಟ್ಟಿಗೆ ವಿದೇಶಿ ದಾನಿಗಳು ಒಬ್ಬೊಬ್ಬ ಮಗುವಿನ ಖರ್ಚನ್ನು ವಹಿಸಿಕೊಳ್ಳುವ ಪದ್ಧತಿಯಿಂದ ನಡೆದವು. ಆದುದರಿಂದ ಟಿಬೆಟನ್ ಶಿಕ್ಷಣವನ್ನು ಕರಕುಶಲ ವಸ್ತುಗಳೇ ಸಾಕಿದವೆಂದು ಹೇಳುವುದು ಅತಿಶಯೋಕ್ತಿ. ಕರಕುಶಲದ ಪಾಲು ಚಿಕ್ಕದು. ಆದರೆ ದಾನವಾಗಿ ಬಾರದೆ ದುಡಿಮೆಯಾಗಿ ಬಂದ ಪಾಲು ಅದೇ ಎಂಬುದರಿಂದ ಅದರ ಚರಿತ್ರೆಗೆ ಮಹತ್ವವಿದೆ.

ಅದರ ಆರಂಭವನ್ನು ಡಾರ್ಜಿಲಿಂಗಿನಲ್ಲಿ ಕಾಣಬಹುದು. 1959ರ ಅಕ್ಟೋಬರ್ 2ರಂದು ಅಲ್ಲಿನ ಲೆಬಾಂಗ್ ಇಳಿಜಾರಿನಲ್ಲಿ ಟಿಬೆಟನ್ ನಿರಾಶ್ರಿತರ ಸ್ವಸಹಾಯ ಕೇಂದ್ರವು ಕೇವಲ ನಾಲ್ವರು ಕೆಲಸಗಾರರೊಡನೆ ಆರಂಭವಾಯಿತು. ಗಾಂಧೀ ಜಯಂತಿಯ ದಿನವೇ ಸ್ವಾವಲಂಬನೆಯ ಈ ಕೇಂದ್ರ ತೆರೆದದ್ದು ಅರ್ಥಪೂರ್ಣವಾಗಿದೆ. ಉಣ್ಣೆ ನೂಲುವುದು, ಜಮಖಾನ ನೇಯುವುದು, ಮರಗೆತ್ತನೆ, ಚರ್ಮದ ಕೆಲಸ, ಲೋಹದ ಕೆಲಸ ಇಲ್ಲಿ ನಡೆದವು. ಅದರ ಆವರಣದಲ್ಲಿಯೇ ಅನಾಥ ಮಕ್ಕಳ ಆರೈಕೆ, ಶಾಲೆ, ವೃದ್ಧರ ವಸತಿ ಬೆಳೆದವು. ಮಾರಾಟದ ಕಟ್ಟೆ ಮತ್ತು ಮಕ್ಕಳ ಹಲಗೆ ಒಂದೇ ಅಂಗಳದಲ್ಲಿದ್ದ ಈ ವ್ಯವಸ್ಥೆ ಮುಂದಿನ ಹಲವು ಸಂಸ್ಥೆಗಳಿಗೆ ಮೇಲ್ಪಂಕ್ತಿಯಾಯಿತು. ನೇಪಾಳದಲ್ಲಿ 1960ರ ಸುಮಾರಿಗೆ ಸ್ವಿಸ್ ನೆರವಿನಿಂದ ಪಾಟನ್ ನಗರದ ಜಾವಲಾಖೇಲಿನಲ್ಲಿ ಬೆಳೆದ ಜಮಖಾನ ಕೇಂದ್ರವೂ ಇದೇ ಬಗೆಯದು.

ಇಲ್ಲೆಲ್ಲ ಮುಂದೆ ನಿಂತದ್ದು ಜಮಖಾನವೇ ಹೊರತು ಒಡವೆಯಲ್ಲ ಎಂಬ ಅಂಶ ಗಮನಾರ್ಹ. ಇದಕ್ಕೆ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಮಗ್ಗಕ್ಕೂ ಉಣ್ಣೆಗೂ ನೆರವು ಸಂಸ್ಥೆಗಳು ಹಣ ಕೊಡಬಲ್ಲವು. ಬೆಳ್ಳಿಗೂ ಹವಳಕ್ಕೂ ಬೇಕಾಗುವ ಬಂಡವಾಳವನ್ನು ಕೊಡಲು ಹಿಂಜರಿಯುತ್ತವೆ. ನೇಯ್ಗೆಯನ್ನು ಕೆಲವು ತಿಂಗಳಲ್ಲಿ ನೂರಾರು ಹೆಂಗಸರಿಗೆ ಕಲಿಸಬಹುದು. ತಂತಿ ಕುಸುರಿ, ರವೆ ಕೆಲಸ, ಅರಗು ತುಂಬಿ ಉಬ್ಬು ಎಬ್ಬಿಸುವ ಕೆಲಸಗಳಿಗೆ ವರ್ಷಗಟ್ಟಲೆ ಗುರುವಿನ ಬಳಿ ಕೂರಬೇಕು. ಲೋಹದ ಕೆಲಸವನ್ನು ಮಾಡುತ್ತಿದ್ದ ನೇವಾರರು ನಿರಾಶ್ರಿತರಾಗಿರಲಿಲ್ಲ. ಅವರು ಕಠ್ಮಂಡುವಿನ ತಮ್ಮ ಮನೆಗಳಿಗೆ ಮರಳಿದರು. ಟಿಬೆಟನ್ ಲೋಹಕಾರರ ಮಕ್ಕಳಿಗಂತೂ ವಲಸೆಯು ಹಳೆಯ ಕೀಳರಿಮೆಯಿಂದ ಬಿಡುಗಡೆಯ ಅವಕಾಶವಾಗಿತ್ತು. ಎಲ್ಲ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತ ಶಾಲೆಯಲ್ಲಿ ಕಮ್ಮಾರನ ಮಗನು ಮತ್ತೆ ಕಮ್ಮಟಕ್ಕೆ ಮರಳಲು ಬಯಸಬೇಕೇಕೆ? ಕಸುಬು ಕ್ಷೀಣಿಸಿದ್ದಕ್ಕೆ ನಾವು ಮರುಗುವುದು ಸರಿಯೇ. ಆದರೆ ಆ ಕಸುಬನ್ನು ಹೊತ್ತವರಿಗೆ ಅದು ಏನಾಗಿತ್ತೆಂಬುದನ್ನೂ ಮರೆಯಬಾರದು.

ಟಿಬೆಟನ್ ಒಡವೆ ಎಂಬ ವ್ಯಾಪಾರದ ಸರಕು ಬೆಳೆದದ್ದು 1960ರ ದಶಕದ ಕೊನೆಯಿಂದ, ಹಿಪ್ಪಿಗಳೂ ಪ್ರವಾಸಿಗರೂ ಕಠ್ಮಂಡು, ಧರ್ಮಶಾಲೆಗಳಿಗೆ ಬರತೊಡಗಿದ ಮೇಲೆ. ಮೊದಲು ಹಳೆಯ ಒಡವೆ ಮಾರಾಟವಾಯಿತು. ಅದು ಮುಗಿಯುತ್ತ ಬಂದಾಗ ಹಳೆಯದರಂತೆ ಕಾಣುವ ಹೊಸತನ್ನು ಮಾಡುವುದು ಆರಂಭವಾಯಿತು. ಮಾಡುವವರು ಮುಖ್ಯವಾಗಿ ಮತ್ತೆ ಕಠ್ಮಂಡು ಕಣಿವೆಯ ನೇವಾರರೇ. ಮಾರುವವರಲ್ಲಿ ಟಿಬೆಟನ್ನರ ಜೊತೆಗೆ ಕಾಶ್ಮೀರಿ ವರ್ತಕರೂ ಸೇರಿಕೊಂಡರು. ಇದನ್ನು ವಂಚನೆಯೆಂದು ತಳ್ಳಿಹಾಕುವವರು ಲ್ಹಾಸಾದ ಹಳೆಯ ಒಡವೆಯನ್ನೂ ನೇವಾರರೇ ಮಾಡುತ್ತಿದ್ದರೆಂಬುದನ್ನು ಮರೆತಿರುತ್ತಾರೆ. ಮಾಡಿದವನ ಜಾತಿಮೂಲದಿಂದ ಒಡವೆ ಟಿಬೆಟನ್ ಆಗುತ್ತಿರಲಿಲ್ಲ. ತೊಟ್ಟವರ ಬಾಳಿನಿಂದ ಆಗುತ್ತಿತ್ತು. ಇಂದಿನ ಸರಕಿನ ನಿಜವಾದ ಸಮಸ್ಯೆ ಇರುವುದು ದ್ರವ್ಯದಲ್ಲಿ. ಪೇಟೆಯಲ್ಲಿ 'ಟಿಬೆಟನ್ ಬೆಳ್ಳಿ' ಎಂಬ ಹೆಸರಿನಲ್ಲಿ ಮಾರುವುದು ಸಾಮಾನ್ಯವಾಗಿ ತಾಮ್ರ, ನಿಕಲ್, ಸತುಗಳ ಮಿಶ್ರಲೋಹ. ಅದರಲ್ಲಿ ಬೆಳ್ಳಿ ಅತ್ಯಲ್ಪ ಅಥವಾ ಶೂನ್ಯ, ಕೆಲವೊಮ್ಮೆ ಸೀಸವೂ ಇರುತ್ತದೆ. ಫಿರೋಜಾದ ಬದಲು ಬಣ್ಣ ಹಾಕಿದ ಬೇರೆ ಕಲ್ಲು, ಹವಳದ ಬದಲು ಗಾಜು, ಅಂಬರಿನ ಬದಲು ರಾಳದ ಅಚ್ಚು. 1990ರ ದಶಕದಲ್ಲಿ ತೈವಾನಿನ ಸಂಗ್ರಾಹಕರು ಝೀ ಮಣಿಗೆ ಮುಗಿಬಿದ್ದಾಗ ಅದರ ಬೆಲೆ ಗಗನಕ್ಕೇರಿ, ನಕಲಿ ಝೀ ಮಾಡುವ ಉದ್ಯಮವೇ ಹುಟ್ಟಿತು. ಮನುಷ್ಯರಿಗೆ ಪೂರ್ಣವಾದ ಝೀ ಸಿಗುವುದಿಲ್ಲ ಎಂಬ ಹಳೆಯ ಕಥೆಯ ಬೆಳಕಿನಲ್ಲಿ ನೋಡಿದರೆ, ಒಂದಿನಿತೂ ಮುಕ್ಕಿಲ್ಲದ ಈ ಹೊಸ ಮಣಿಗಳು ತಮ್ಮ ಗುಟ್ಟನ್ನು ತಾವೇ ಬಿಟ್ಟುಕೊಡುತ್ತವೆ.

ಕರ್ನಾಟಕದ ಟಿಬೆಟನ್ ನೆಲೆಗಳ ವಿಚಾರ ಕೊಂಚ ಬೇರೆಯದು. 1960ರ ಕೊನೆಯಲ್ಲಿ ಬೈಲುಕುಪ್ಪೆಗೆ ಬಂದವರಿಗೆ ಆಗಿನ ಮೈಸೂರು ಸರ್ಕಾರ ಸುಮಾರು 3,000 ಎಕರೆ ಕಾಡುಭೂಮಿಯನ್ನು ಕೊಟ್ಟಿತು. ಅನಂತರ 1966ರಲ್ಲಿ ಮುಂಡಗೋಡು, ಮುಂದೆ ಬೈಲುಕುಪ್ಪೆಯ ಎರಡನೆಯ ನೆಲೆ, ಹುಣಸೂರು, ಕೊಳ್ಳೇಗಾಲಗಳು ಸೇರಿ ಐದು ನೆಲೆಗಳಾದವು. ಇವು ಕೃಷಿಯ ನೆಲೆಗಳು. ಇಲ್ಲಿನವರ ಬದುಕು ಮುಸುಕಿನ ಜೋಳದಿಂದ, ಮತ್ತು ಸುಗ್ಗಿಯ ನಂತರದ ಸ್ವೆಟರ್ ವ್ಯಾಪಾರದಿಂದ ನಡೆಯಿತು. ಚಳಿಗಾಲದಲ್ಲಿ ನಮ್ಮ ಊರುಗಳ ಬೀದಿಬದಿಯಲ್ಲಿ ಲುಧಿಯಾನದ ಸ್ವೆಟರುಗಳನ್ನು ಹರವಿಕೊಂಡು ಕೂರುತ್ತಿದ್ದ ಟಿಬೆಟನ್ ಹೆಂಗಸರನ್ನು ಕನ್ನಡಿಗರೆಲ್ಲ ಬಲ್ಲರು. ಅವರು ಊರೂರು ತಿರುಗುವ ತಿಂಗಳುಗಳಲ್ಲಿ ಮಕ್ಕಳು ವಸತಿಶಾಲೆಗಳಲ್ಲಿರುತ್ತಿದ್ದರು. ಹಾಗೆ ಕುಳಿತ ಅಜ್ಜಿಯರ ಕೊರಳಲ್ಲಿ ಎರಡು ಹವಳದ ನಡುವೆ ಒಂದು ಫಿರೋಜಾ ಅಥವಾ ಝೀ ಇರುತ್ತಿದ್ದುದನ್ನು ಕಂಡವರು ಕಡಿಮೆಯಿರಲಾರರು. ಅದರ ಬಗೆಗೆ ಕೇಳಿದವರು ಕಡಿಮೆ. ಸ್ವೆಟರನ್ನು ಮಾರಿ ಮಕ್ಕಳನ್ನು ಓದಿಸಿದರು, ಆ ಒಂದು ಕಲ್ಲನ್ನು ಮಾರದೆ ಉಳಿಸಿಕೊಂಡರು. ಬೈಲುಕುಪ್ಪೆಯ ನಾಮ್‌ಡ್ರೋಲಿಂಗ್ ವಿಹಾರದಲ್ಲಿ 1999ರಲ್ಲಿ ಸ್ವರ್ಣಮಂದಿರ ತೆರೆದ ಮೇಲೆ ಪ್ರವಾಸಿಗರ ದಂಡು ಬೆಳೆದು, ಅದರ ಎದುರಿನ ಅಂಗಡಿಗಳಲ್ಲಿ ಒಡವೆಯ ಮಾರಾಟವೂ ಬೆಳೆಯಿತು. ಅಲ್ಲಿನ ಗಾಜಿನ ಪೆಟ್ಟಿಗೆಯ ಹೊಸ ಸರಗಳಿಗೂ ಅಜ್ಜಿಯ ಕೊರಳಿನ ಒಂಟಿ ಕಲ್ಲಿಗೂ ನಡುವೆ ಇರುವ ಅಂತರವೇ ಈ ಲೇಖನದ ವಸ್ತು.

ಟಿಬೆಟ್ಟಿನೊಳಗೆ ಉಳಿದವರ ಕಥೆ ಇನ್ನೂ ಕಠಿಣವಾದುದು. 1966ರಿಂದ 1976ರವರೆಗಿನ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಒಡವೆಯನ್ನು ಹಳೆಯ ಸಮಾಜದ ಕುರುಹೆಂದು ಕಸಿದುಕೊಳ್ಳಲಾಯಿತು. ಹಲವರು ಅವನ್ನು ಹೂತಿಟ್ಟು ಕಾಪಾಡಿಕೊಂಡರು. 1980ರ ನಂತರ ಒಡವೆ ಮತ್ತೆ ಮೈಮೇಲೆ ಬಂತು. ಅದೇ ಕಾಲದಲ್ಲಿ ಹಳ್ಳಿಗಳಲ್ಲಿ ಶಾಲೆಗಳ ಕೊರತೆಯೂ ಎದ್ದುಕಂಡಿತು. ಊರವರೇ ನಡೆಸುವ ಶಾಲೆಗಳು, ವಿಹಾರಗಳ ಆಸರೆಯ ಶಾಲೆಗಳು ತಲೆಯೆತ್ತಿದವು. 1990ರ ದಶಕದಿಂದ ಯೂರೋಪು, ಅಮೆರಿಕಗಳ ಚಿಕ್ಕ ಚಿಕ್ಕ ಸಂಘಗಳು ಒಂದೊಂದು ಕಣಿವೆಯ ಒಂದೊಂದು ಶಾಲೆಗಾಗಿ ಹಣ ಕೂಡಿಸತೊಡಗಿದವು. ಕೈಯೊಡವೆಯನ್ನು ಕೊಂಡೊಯ್ದು ಚರ್ಚಿನ ಜಗಲಿಯಲ್ಲೋ ಹಬ್ಬದ ಸಂತೆಯಲ್ಲೋ ಮಾರುವ ಪದ್ಧತಿ ಹೆಚ್ಚು ಪ್ರಚಾರಕ್ಕೆ ಬಂದದ್ದು ಈ ಬಗೆಯ ಸಂಘಗಳಿಂದ. ಭಾರದಲ್ಲಿ ಹಗುರ, ಸಾಗಿಸಲು ಸುಲಭ, ಜಮಖಾನದಷ್ಟು ಬೆಲೆಯಿಲ್ಲದ್ದರಿಂದ ಯಾರೂ ಕೊಳ್ಳಬಹುದು, ಕೊಂಡವರ ಮೈಮೇಲೆಯೇ ಇದ್ದು ಪ್ರಚಾರ ಮಾಡುತ್ತದೆ. ಒಡವೆಯನ್ನು ವಲಸೆಗೆ ತಕ್ಕ ಆಸ್ತಿಯನ್ನಾಗಿ ಮಾಡಿದ ಗುಣಗಳೇ ಅದನ್ನು ಸೇವಾಸಂಘಗಳಿಗೆ ತಕ್ಕ ಸರಕನ್ನೂ ಮಾಡಿದವು.

ಇಂತಹ ಮಾರಾಟದಿಂದ ಒಂದು ಶಾಲೆಯ ಕಟ್ಟಡ ಏಳುವುದು ಕಷ್ಟ. ಆದರೆ ಪುಸ್ತಕ, ಒಲೆಯ ಇಂಧನ, ಒಬ್ಬ ಶಿಕ್ಷಕನ ಸಂಬಳಗಳಂತಹ ಖರ್ಚುಗಳಿಗೆ ಅದು ಒದಗಬಲ್ಲದು. ಹೆಣ್ಣುಮಕ್ಕಳನ್ನು ಶಾಲೆಯಲ್ಲಿ ಉಳಿಸುವುದು ಬಹುಮಟ್ಟಿಗೆ ಇಂತಹ ಸಣ್ಣ ಖರ್ಚುಗಳ ಪ್ರಶ್ನೆಯೇ ಆಗಿರುವುದರಿಂದ ಇದನ್ನು ಕಡೆಗಣಿಸುವಂತಿಲ್ಲ. ಆದರೆ ಈ ದಾರಿಯೂ ಕಿರಿದಾಗುತ್ತ ಬಂದಿದೆ. ಚೀನಾ 2001ರಿಂದ ಜಾರಿಗೆ ತಂದ ಶಾಲಾ ವಿಲೀನ ನೀತಿಯಿಂದ ಹಳ್ಳಿಯ ಚಿಕ್ಕ ಶಾಲೆಗಳು ಮುಚ್ಚಿ, ಮಕ್ಕಳು ದೂರದ ವಸತಿಶಾಲೆಗಳಿಗೆ ಹೋಗುವಂತಾಯಿತು. ವಿದೇಶಿ ಸೇವಾಸಂಸ್ಥೆಗಳನ್ನು ಪೊಲೀಸ್ ಇಲಾಖೆಯ ನೋಂದಣಿಗೆ ಒಳಪಡಿಸುವ ಕಾನೂನು 2017ರ ಜನವರಿ 1ರಿಂದ ಜಾರಿಗೆ ಬಂದ ಮೇಲೆ ಹೊರಗಿನ ಚಿಕ್ಕ ಸಂಘಗಳಿಗೆ ಅಲ್ಲಿ ಕೆಲಸ ಮಾಡುವುದು ದುಸ್ಸಾಧ್ಯವಾಯಿತು. ಗೋಲೋಗ್ ಸೀಮೆಯಲ್ಲಿ ರಾಗ್ಯಾ ಜಿಗ್ಮೆ ಗ್ಯಾಲ್ತ್ಸೆನ್ ಅವರು 1994ರಲ್ಲಿ ಸ್ಥಾಪಿಸಿದ್ದ, ಟಿಬೆಟನ್ ಭಾಷೆಯ ಶಿಕ್ಷಣಕ್ಕೆ ಹೆಸರಾದ ಖಾಸಗಿ ಶಾಲೆಯೇ 2024ರ ಜುಲೈನಲ್ಲಿ ಮುಚ್ಚಿತು. ಹೀಗಿರುವಾಗ, ಟಿಬೆಟ್ಟಿನ ಹಳ್ಳಿಯ ಶಾಲೆಗಾಗಿ ಎಂದು ಬರೆದ ಚೀಟಿಯನ್ನು ಇಂದು ಒಡವೆಯ ಮೇಲೆ ಕಂಡರೆ ಅದು ಯಾವ ಹಳ್ಳಿ, ಯಾವ ಶಾಲೆ ಎಂದು ಕೇಳುವುದು ಅವಿಶ್ವಾಸದ ಮಾತಲ್ಲ. ಸಂಶೋಧಕನ ಕನಿಷ್ಠ ಕರ್ತವ್ಯ. ಭಾರತದೊಳಗಿನ ಟಿಬೆಟನ್ ಶಾಲೆಗಳು, ನೇಪಾಳದ ಉತ್ತರದ ಕಣಿವೆಗಳ ಶಾಲೆಗಳು ಇಂದಿಗೂ ಇಂತಹ ನೆರವನ್ನು ಪಡೆಯಬಲ್ಲವು.

ಇನ್ನೊಂದು ಬದಲಾವಣೆಯನ್ನು ಸೂಚಿಸಬೇಕು. 2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯಲ್ಲಿ ನಡೆದ ಕಾಲಚಕ್ರ ಸಮಾರಂಭದಲ್ಲಿ ದಲಾಯಿ ಲಾಮಾ ಅವರು ವನ್ಯಮೃಗಗಳ ಚರ್ಮ ತೊಡುವುದನ್ನು ಬಿಡಬೇಕೆಂದು ಹೇಳಿದಾಗ, ಟಿಬೆಟ್ಟಿನ ಹಳ್ಳಿಗಳಲ್ಲಿ ಜನ ಹುಲಿ, ಚಿರತೆ, ನೀರುನಾಯಿಗಳ ಬೆಲೆಬಾಳುವ ಚರ್ಮಗಳನ್ನು ರಾಶಿ ಹಾಕಿ ಸುಟ್ಟರು. ಹಬ್ಬಗಳಲ್ಲಿ ಮಣಗಟ್ಟಲೆ ಒಡವೆ ಹೇರಿಕೊಂಡು ಮೆರೆಯುವುದರ ಬಗೆಗೂ ಆಗ ಆತ್ಮಪರೀಕ್ಷೆ ನಡೆಯಿತು. ಆದರೆ ಚರ್ಮವನ್ನು ಸುಟ್ಟಂತೆ ಕಲ್ಲನ್ನು ಯಾರೂ ಎಸೆಯಲಿಲ್ಲ. ಚರ್ಮ ಕೇವಲ ಪ್ರತಿಷ್ಠೆಯಾಗಿತ್ತು, ಕಲ್ಲು ಅದಕ್ಕಿಂತ ಹೆಚ್ಚಿನದಾಗಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಒಡವೆಯ ದುಡ್ಡು ಶಾಲೆಗೆ ಹೋಯಿತು. ಒಡವೆಯ ತಿಳಿವಳಿಕೆ ಶಾಲೆಗೆ ಹೋಯಿತೇ ಎಂಬ ಪ್ರಶ್ನೆ ಉಳಿಯುತ್ತದೆ. 1988ರಲ್ಲಿ ಧರ್ಮಶಾಲೆಯ ಬಳಿ ಆರಂಭವಾದ ನೋರ್ಬುಲಿಂಗ್ಕಾ ಸಂಸ್ಥೆಯು ಥಂಗ್ಕಾ ಚಿತ್ರ, ಮರಗೆತ್ತನೆ, ಲೋಹಪ್ರತಿಮೆಗಳಲ್ಲಿ ಗುರುಶಿಷ್ಯ ಪರಂಪರೆಯನ್ನು ಮುಂದುವರಿಸುತ್ತಿದೆ. ಅದರ ಒಲವು ಸಹಜವಾಗಿಯೇ ದೇವಾಲಯದ ಕಲೆಯ ಕಡೆಗೆ. ಹೆಣ್ಣುಮಕ್ಕಳ ಮೈಮೇಲಿನ ಒಡವೆಯ ಜ್ಞಾನ, ಅಂದರೆ ಯಾವ ಕಲ್ಲಿನ ಪಕ್ಕ ಯಾವ ಕಲ್ಲನ್ನು ಪೋಣಿಸಬೇಕು, ಮುಕ್ಕಾದ ಝೀಯನ್ನು ತೊಡಬಹುದೇ, ಸತ್ತವರ ಫಿರೋಜಾ ಯಾರಿಗೆ ಸಲ್ಲಬೇಕು, ಕಲ್ಲಿನ ಬಣ್ಣ ಮಾಸಿದರೆ ಏನು ಮಾಡಬೇಕು ಮುಂತಾದ ತಿಳಿವಳಿಕೆಗೆ ಗ್ರಂಥವೂ ಇಲ್ಲ, ಕಮ್ಮಟವೂ ಇಲ್ಲ. ಅದು ತಾಯಿಯಿಂದ ಮಗಳಿಗೆ ಬಾಯಿಮಾತಿನಲ್ಲಿ ಇಳಿದುಬಂದುದು. ಮಗಳು ಏಳನೆಯ ವಯಸ್ಸಿಗೆ ವಸತಿಶಾಲೆಗೆ ಹೋದ ಸಮುದಾಯದಲ್ಲಿ ಈ ಇಳಿಜಾರಿಗೆ ಅಡ್ಡಿಯಾಗದೆ ಇರದು. ವಲಸೆಯ ಮೊದಲ ತಲೆಮಾರಿನವರು, ಟಿಬೆಟ್ಟಿನಲ್ಲಿಯೇ ಒಡವೆ ತೊಟ್ಟು ಬೆಳೆದವರು, ಕರ್ನಾಟಕದ ಐದೂ ನೆಲೆಗಳಲ್ಲಿ ಈಗ ವಿರಳವಾಗಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ತರುಣರು ವಿದೇಶಗಳಿಗೆ ತೆರಳುತ್ತಿರುವುದರಿಂದ ಮನೆಗಳಲ್ಲಿ ಉಳಿದಿರುವ ಕಲ್ಲುಗಳೂ ಅವರೊಡನೆ ಚದುರುತ್ತಿವೆ. ಒಂದೊಂದು ಕಲ್ಲಿನ ಹೆಸರು, ಅದು ಬಂದ ದಾರಿ, ಅದನ್ನು ತೊಟ್ಟವರ ಸಾಲು, ಮಾರಿದ್ದಾದರೆ ಯಾವ ಪೇಟೆಯಲ್ಲಿ ಯಾವ ಅಗತ್ಯಕ್ಕೆ ಮಾರಲಾಯಿತು, ಇವಿಷ್ಟನ್ನು ಹಿರಿಯರ ಬಾಯಿಂದಲೇ ಟಿಬೆಟನ್ ಭಾಷೆಯಲ್ಲಿ ಧ್ವನಿಮುದ್ರಿಸಿ, ಕನ್ನಡಕ್ಕೂ ತರುವ ಕ್ಷೇತ್ರಕಾರ್ಯವನ್ನು ಬೈಲುಕುಪ್ಪೆ ಮತ್ತು ಮುಂಡಗೋಡುಗಳಿಂದ ಆರಂಭಿಸಬಹುದಾಗಿದೆ. ಅಲ್ಲಿನ ಶಾಲೆಗಳ ಮೇಲಿನ ತರಗತಿಯ ಮಕ್ಕಳು ಎರಡೂ ಭಾಷೆಗಳನ್ನು ಬಲ್ಲರು. ಪ್ರಶ್ನಾವಳಿ ಹಿಡಿದು ಅಜ್ಜಿಯರ ಬಳಿಗೆ ಹೋಗಬೇಕಾದವರು ಮೊದಲು ಅವರೇ.